ಮೂರನೆಯ ಅಡ್ಡಬಲೆ

ಇನ್‌ವರ್‌ಗ್ಲಾಸ್
12 ಮೇ 1958, ಸೋಮವಾರ

ತಮ್ಮ ಮರ್ಡೋ,

ನೀನು ಕಳಿಸಿದ ಹೊಗೆ ಹಾಕಿದ ಮೀನು ತಲುಪಿತು. ಅಂಚೆ ಕಚೇರಿಯ ಹುಡುಗಿ ಮೂಗು ಮುಚ್ಚಿಕೊಂಡೇ ಪೊಟ್ಟಣ ಕೊಟ್ಟಳು. ನಾನು ಮಾತ್ರ ಆಲೂಗಡ್ಡೆ ಬೇಯಿಸಿಕೊಂಡು, ಯಾರಿಗೂ ಒಂದು ಚೂರು ಕೊಡದೆ, ಎರಡು ದಿನ ರಾಣಿಯ ಹಾಗೆ ಕೂತು ತಿಂದೆ. ತಿಂದದ್ದಾಯಿತು, ಈಗ ಬೈಗುಳ ಕೇಳು.

ನಿನ್ನ ಅಕ್ಕ ಕೆಲಸ ಮಾಡುವುದು ಮೀನು ಮಂಡಳಿಯ ಕಚೇರಿಯಲ್ಲಿ ಎನ್ನುವುದು ನಿನಗೆ ಮರೆತೇಹೋಗಿರುವ ಹಾಗಿದೆ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ಕರಾವಳಿಯ ಒಂದು ಅಡ್ಡಬಲೆಯೂ ನೀರಿನಲ್ಲಿ ಇರಕೂಡದು. ನೀನು ಈ ಸಲದ ಹಂಗಾಮಿನಲ್ಲಿ ಆಗಲೇ ಮೂರು ಶನಿವಾರ ತೆಗೆದಿಲ್ಲ. ಮೂರು ಸಲವೂ ಕಾರಣ ಕೇಳಿದ ಜಾಗದಲ್ಲಿ ‘ಹವಾಮಾನ’ ಎಂದು ಒಂದೇ ಪದ ಗೀಚಿ ಕಳಿಸಿದ್ದೀಯೆ. ನಮ್ಮ ಮೇಲಧಿಕಾರಿ ರೆನ್ನಿ ಸಾಹೇಬರು ಅದನ್ನು ಮಂಡಳಿಯ ಸಭೆಯಲ್ಲಿ ಎತ್ತಿ ಹಿಡಿದು, ‘ಈ ಮರ್ಡೋ ಗನ್ ಅನ್ನೋನ ಊರಲ್ಲಿ ವಾರವೆಲ್ಲ ಬಿಸಿಲು ಕಣ್ರೀ, ಶನಿವಾರ ಬಂತು ಅಂದ್ರೆ ಮಾತ್ರ ಬಿರುಗಾಳಿ’ ಎಂದರು. ಎಲ್ಲರೂ ನಕ್ಕರು. ಟಿಪ್ಪಣಿ ಬರೆಯುತ್ತ ಕೂತಿದ್ದ ನಾನೂ ನಗಬೇಕಾಯಿತು. ಮುಖ ಮಾತ್ರ ಉರಿಯುತ್ತಿತ್ತು.

ನಿನಗೆ ನಾನು ಹೇಳಿಕೊಡಬೇಕೇ? ದಂಡೆಯಿಂದ ಕಡಲಿಗೆ ಅಡ್ಡಬಲೆ ಗೋಡೆಯ ಹಾಗೆ ನಿಂತಿದ್ದರೆ, ದಂಡೆ ಹಿಡಿದು ಬರುವ ಸಾಲ್ಮನ್ ಅದಕ್ಕೆ ಮೂತಿ ತಾಗಿಸಿ, ತಿರುಗಿ, ಅದರ ತುದಿಯ ಚೀಲಬಲೆಗೇ ಹೋಗಿ ಬೀಳುತ್ತದೆ. ವಾರಕ್ಕೆ ಎರಡು ರಾತ್ರಿಯಾದರೂ ದಾರಿ ಬಿಡದಿದ್ದರೆ ನದಿಗೆ ಬಂದು ಮೊಟ್ಟೆ ಇಡುವುದು ಯಾವುದು? ಜಲಪಾತದ ಹತ್ತಿರ ಮೀನು ಎಣಿಸುವ ನಮ್ಮವರು ಆಕಳಿಸುತ್ತ ಕೂತಿದ್ದಾರೆ. ಹೋದ ವರ್ಷದ ಅರ್ಧದಷ್ಟು ಮೀನೂ ಮೇಲೆ ಹತ್ತಿಲ್ಲ.

ಅದಕ್ಕೇ ನಾನು ಸಭೆಯಲ್ಲಿ ಎದ್ದು ನಿಂತೆ. ‘ನನ್ನ ತಮ್ಮ ಇನ್ಮುಂದೆ ಒಂದು ಶನಿವಾರವೂ ತಪ್ಪಿಸೋದಿಲ್ಲ ಸಾರ್, ಮಾತು ಕೊಡ್ತೀನಿ’ ಎಂದುಬಿಟ್ಟೆ. ಹದಿನಾಲ್ಕು ವರ್ಷದಲ್ಲಿ ನಾನು ಆ ಕೋಣೆಯಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. ಮರ್ಯಾದೆ ಉಳಿಸು.

ದೋಣಿ ಹೇಗಿದೆ? ನಿಮ್ಮ ಜೊತೆ ದೋಣಿಗೆ ಬರುವ ಹೇಮಿಷ್ ಕುಡಿಯುವುದು ಬಿಟ್ಟನೇ? ಫಿನ್ಲೆ ಈಗಲೂ ಹುಟ್ಟು ಹಾಕುತ್ತ ಕೀರ್ತನೆ ಹಾಡುತ್ತಾನೆಯೇ? ಅವನ ತಾಯಿ, ನೆರೆಮನೆಯ ಬಾರಬಲ್ ದೊಡ್ಡಮ್ಮನನ್ನು ಕೇಳಿದೆ ಎಂದು ಹೇಳು.

ನಿನ್ನ ಅಕ್ಕ
ಹೆಕ್ಟರೀನಾ


ಆರ್ಡ್‌ವೋರ್
19 ಮೇ 1958, ಸೋಮವಾರ

ಮಹಾಮಾನ್ಯ ಮೀನು ಮಂಡಳಿಯವರ ಸನ್ನಿಧಾನಕ್ಕೆ,

ಬೈಗುಳ ತಲುಪಿತು, ರುಚಿಯಾಗಿತ್ತು. ಯಾವಾಗಿನಂತೆ ಬಾರಬಲ್ ದೊಡ್ಡಮ್ಮನ ಅಡುಗೆಮನೆಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಓದಿದೆ. ದೊಡ್ಡಮ್ಮನ ಕಣ್ಣಿಗೆ ಪೂರ್ತಿ ಪೊರೆ ಬಂದಿದೆ, ಕಿವಿ ಮಾತ್ರ ಬೆಕ್ಕಿನ ಕಿವಿ. ಫಿನ್ಲೆಯ ವಿಷಯ ಹೇಳಬೇಕು. ನಿನ್ನ ಕಾಗದ ಬಂತೆಂದರೆ ಅವನು ಹೊರಗೆ ಹೋಗಿ ಮುಖ ತೊಳೆದು, ತಲೆ ಬಾಚಿಕೊಂಡು ಬಂದು ಕೂರುತ್ತಾನೆ. ದೊಡ್ಡಮ್ಮ ಬಿಡುತ್ತಾಳೆಯೇ? ‘ಕಾಗದ ಕೇಳಕ್ಕೆ ತಾನಾಗೇ ಮುಖ ತೊಳೀತಾನೆ, ಚರ್ಚಿಗೆ ಹೋಗಕ್ಕೆ ಮಾತ್ರ ನಾನು ಅಟ್ಟಿಸ್ಕೊಂಡು ಹೋಗಬೇಕು’ ಎಂದಳು. ಅವನು ಕೆಂಪಗಾಗಿ ಬೆಂಕಿ ಕೆದಕುತ್ತ ಕೂತ. ನಲವತ್ತೊಂದು ವಯಸ್ಸಿನ ಗಂಡಸು!

ಕಡಲು ನಿಮ್ಮ ಕಚೇರಿಯ ಗಡಿಯಾರ ನೋಡಿಕೊಂಡು ಏಳುವುದಿಲ್ಲ, ಅಕ್ಕ. ನಿಮ್ಮ ಕಾವಲುಗಾರ ಕೊಲ್ಲಿಯ ಆಚೆ ಗುಡ್ಡದ ಮೇಲೆ ಕೂತು ದುರ್ಬೀನಿನಲ್ಲಿ ನೋಡುತ್ತಾನೆ. ಅಲ್ಲಿಂದ ನೋಡಿದರೆ ಉತ್ತರ ಬಂಡೆಯ ಬುಡದ ನೀರು ತಟ್ಟೆಯಲ್ಲಿಟ್ಟ ಸಾರಿನ ಹಾಗೆ ಕಾಣುತ್ತದೆ. ಒಮ್ಮೆ ಕೆಳಗಿಳಿದು ಬಂದು ದೋಣಿ ಹತ್ತು ಎಂದು ಹೇಳು ಅವನಿಗೆ.

ಹಾಗೆಂದು ನಿನ್ನ ಮಾತು ಬೀಳಿಸುವವನಲ್ಲ ನಾನು. ಎದ್ದು ನಿಂತು ಹೇಳಿದೆಯಂತೆ, ಭಲೆ! ಈ ಶನಿವಾರ ಹನ್ನೊಂದಕ್ಕೇ ಮೂರೂ ಅಡ್ಡಬಲೆಗಳನ್ನು ನಾವಿಬ್ಬರು ಎಳೆದು ದಂಡೆಗೆ ಹಾಕಿದೆವು. ದೋಣಿ ಚೆನ್ನಾಗಿದೆ. ಎಲ್ಲ ಚೆನ್ನಾಗಿದೆ.

ಮರ್ಡೋ


ಇನ್‌ವರ್‌ಗ್ಲಾಸ್
23 ಜೂನ್ 1958, ಸೋಮವಾರ

ಮರ್ಡೋ,

‘ನಾವಿಬ್ಬರು’ ಎಂದು ಬರೆದಿದ್ದೀಯೆ. ಹೇಮಿಷ್ ಎಲ್ಲಿ ಸತ್ತ? ಕುಡಿದು ಮಲಗಿದ್ದನೇ? ಅವನನ್ನು ಮುದ್ದು ಮಾಡಿ ಹಾಳು ಮಾಡಿದವನು ನೀನೇ. ಕಿವಿ ಹಿಡಿದು ದೋಣಿಗೆ ಹತ್ತಿಸು.

ಆರು ಶನಿವಾರ ಸರಿಯಾಗಿ ತೆಗೆದಿದ್ದೀಯೆ. ಸಾಹೇಬರು ನನ್ನ ಮೇಜಿನ ಹತ್ತಿರ ಬಂದು, ‘ನಿನ್ನ ತಮ್ಮ ದಾರಿಗೆ ಬಂದ ಹಾಗಿದೆ’ ಎಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮಧ್ಯಾಹ್ನ ಹೊರಗೆ ಹೋಗಿ ಒಂದು ಹೊಸ ಟೋಪಿ ಕೊಂಡೆ.

ಆದರೆ ಇದನ್ನು ಗಮನವಿಟ್ಟು ಓದು. ದಕ್ಷಿಣದ ಎರಡು ಊರಿನವರ ಬಲೆ ಪರವಾನಗಿಯನ್ನು ಹೋದ ವಾರ ರದ್ದು ಮಾಡಿದರು. ಆ ಕಾಗದಗಳನ್ನು ಟೈಪ್ ಮಾಡಿದವಳು ನಾನೇ. ಮುಂದಿನ ಹೆಸರು ಆರ್ಡ್‌ವೋರ್. ಇನ್ನೊಂದು ಶನಿವಾರ ತಪ್ಪಿದರೆ ಅಪ್ಪನ ಕಾಲದಿಂದ ನಡೆದು ಬಂದದ್ದು ಮುಗಿಯಿತು. ನೀನೂ ಫಿನ್ಲೆಯೂ ಗುಡ್ಡದ ಮೇಲೆ ಯಾರದೋ ಕುರಿ ಕಾಯಬೇಕಾಗುತ್ತದೆ. ಇನ್ನು ಹವಾಮಾನ ಎಂದು ಬರೆಯಬೇಡ. ಬರೆದರೆ ಆ ಹಾಳೆಯನ್ನು ನಾನೇ ಒಲೆಗೆ ಹಾಕುತ್ತೇನೆ.

ಹೆಕ್ಟರೀನಾ


ಆರ್ಡ್‌ವೋರ್
7 ಜುಲೈ 1958, ಸೋಮವಾರ

ಅಕ್ಕ,

ಹೇಮಿಷ್ ಕುಡಿದು ಮಲಗಿಲ್ಲ. ಮಾರ್ಚ್‌ನಲ್ಲೇ ಡೂನ್‌ರೇಗೆ ಹೋದ, ಅಣುಸ್ಥಾವರ ಕಟ್ಟುವ ಕೆಲಸಕ್ಕೆ. ನಿನಗೆ ಹೇಳಿರಲಿಲ್ಲ, ಹೇಳಿದ್ದರೆ ನೀನು ನಿದ್ದೆ ಬಿಡುತ್ತಿದ್ದೆ. ಅವನೊಬ್ಬನೇ ಅಲ್ಲ, ಕೈಕಾಲು ಗಟ್ಟಿಯಿರುವವರೆಲ್ಲ ಬಸ್ ಹತ್ತಿಯಾಗಿದೆ. ಅಲ್ಲಿ ಒಣಗಿದ ಬಟ್ಟೆ ಹಾಕಿಕೊಂಡು ಕೆಲಸ ಮಾಡುತ್ತಾರಂತೆ, ಮಧ್ಯಾಹ್ನ ಬಿಸಿ ಊಟ ಕೊಡುತ್ತಾರಂತೆ. ಫಿನ್ಲೆಯನ್ನೂ ಕರೆದರು. ‘ಅಮ್ಮನ್ನ ಯಾರು ನೋಡ್ಕೋತಾರೆ, ಮರ್ಡೋನ ಯಾರು ಬೈತಾರೆ’ ಎಂದು ಉಳಿದುಕೊಂಡ.

ಮೂರು ಜನರ ಕೆಲಸ ಇಬ್ಬರು ಮಾಡುತ್ತಿದ್ದೇವೆ. ಒಬ್ಬ ದೋಣಿಯನ್ನು ಬಂಡೆಗೆ ತಾಗದಂತೆ ಹುಟ್ಟು ಹಾಕಿ ಹಿಡಿದಿರಬೇಕು, ಇನ್ನೊಬ್ಬ ಹಗ್ಗ ಬಿಚ್ಚಿ ಬಲೆ ಎಳೆದುಕೊಳ್ಳಬೇಕು. ಮೊದಲ ಎರಡು ಅಡ್ಡಬಲೆ ಕೊಲ್ಲಿಯ ಮರೆಯಲ್ಲಿವೆ, ತೊಂದರೆಯಿಲ್ಲ. ಮೂರನೆಯದು ಉತ್ತರ ಬಂಡೆಯದು. ಅಲ್ಲಿ ಅಲೆ ಏಳಲು ಶುರುವಾದರೆ ಇಬ್ಬರು ಸಾಲುವುದಿಲ್ಲ.

ಒಂದು ವಿಷಯ ನೇರವಾಗಿ ಕೇಳುತ್ತೇನೆ. ಕಡಲು ಬಿಡದಿದ್ದರೆ ಅಪ್ಪ ಅಡ್ಡಬಲೆಯನ್ನು ಹಾಗೇ ಬಿಟ್ಟು ಮನೆಯಲ್ಲಿ ಕೂರುತ್ತಿದ್ದ. ಅದಕ್ಕೆ ಕಾನೂನಿನಲ್ಲಿ ಅವಕಾಶ ಇತ್ತೋ, ಅಥವಾ ಅದು ಅಪ್ಪನ ಹಟವೋ? ಫಿನ್ಲೆ ಅವಕಾಶ ಇದೆ ಎನ್ನುತ್ತಾನೆ. ಕಾನೂನಿನ ಪುಸ್ತಕ ನಿನ್ನ ಕೈಯಲ್ಲೇ ಇದೆ. ನೋಡಿ ಬರೆ.

ದೋಣಿ ಚೆನ್ನಾಗಿದೆ.

ಮರ್ಡೋ


ಇನ್‌ವರ್‌ಗ್ಲಾಸ್
14 ಜುಲೈ 1958, ಸೋಮವಾರ

ಮರ್ಡೋ,

ಅಪ್ಪನ ಕಾಲ ಬೇರೆ. ಈಗ ಮಂಡಳಿ ಏನು ಹೇಳುತ್ತದೋ ಅದೇ ಕಾನೂನು ಎಂದುಕೊ. ಶನಿವಾರಕ್ಕೆ ಮಾತ್ರ ಯಾರನ್ನಾದರೂ ಕರೆದುಕೊ, ಅಂಚೆಯವನಾದರೂ ಆದೀತು. ಇನ್ನು ಆರು ವಾರ, ಹಂಗಾಮು ಮುಗಿಯುತ್ತದೆ. ಅಷ್ಟು ದಿನ ಹಲ್ಲು ಕಚ್ಚಿ ನಡೆಸು.

ಇದರೊಂದಿಗೆ ಒಂದು ಜೊತೆ ಉಣ್ಣೆಯ ಕೈಗವಸು ಇದೆ. ನಿನಗಲ್ಲ, ಫಿನ್ಲೆಗೆ. ಹೆಣೆದದ್ದು ನಾನೇ. ತಮಾಷೆ ಮಾಡಿದರೆ ನಿನಗೆ ಇನ್ನು ಜನ್ಮದಲ್ಲಿ ಏನೂ ಹೆಣೆಯುವುದಿಲ್ಲ.

ಹೆಕ್ಟರೀನಾ


ಇನ್‌ವರ್‌ಗ್ಲಾಸ್
12 ಆಗಸ್ಟ್ 1958, ಮಂಗಳವಾರ

ಮರ್ಡೋ,

ನಿನ್ನೆಯಿಂದ ನಾಲ್ಕು ಸಲ ಫೋನ್ ಮಾಡಿಸಿದೆ. ಶನಿವಾರದ ಗಾಳಿಗೆ ತಂತಿ ಕಡಿದಿದೆಯಂತೆ, ಸಿಗಲಿಲ್ಲ. ಒಳ್ಳೆಯದೇ ಆಯಿತು. ಸಿಕ್ಕಿದ್ದರೆ ಅಂಚೆ ಕಚೇರಿಯವರೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆ.

ಕಾವಲುಗಾರನ ವರದಿ ನನ್ನ ಮುಂದಿದೆ. ನಿಮ್ಮ ಕಡೆಯ ಸೇತುವೆ ಕೊಚ್ಚಿಹೋಗಿ ಅವನು ಊರಿಗೆ ಇಳಿಯಲಾಗಲಿಲ್ಲ, ಆದರೆ ಶನಿವಾರ ಮಧ್ಯಾಹ್ನದಿಂದ ಗುಡ್ಡದ ಮೇಲಿದ್ದು ಎಲ್ಲ ಕಂಡಿದ್ದಾನೆ. ಎರಡು ಅಡ್ಡಬಲೆ ತೆಗೆದಿದ್ದೀಯೆ. ಉತ್ತರ ಬಂಡೆಯದು ಶನಿವಾರವೂ ನಿಂತಿತ್ತು, ಭಾನುವಾರವೂ ನಿಂತಿತ್ತು. ಶನಿವಾರ ಗಾಳಿ, ಒಪ್ಪಿದೆ. ಭಾನುವಾರ? ಕಡಲು ಎಣ್ಣೆ ಸುರಿದ ಹಾಗೆ ಶಾಂತವಾಗಿತ್ತು ಎಂದು ಬರೆದಿದ್ದಾನೆ. ಅಷ್ಟೇ ಅಲ್ಲ, ಊರಿಗೆ ಊರೇ ದಂಡೆಯಲ್ಲಿ ನಿಂತು ಬಲೆಯನ್ನೇ ನೋಡುತ್ತಿತ್ತಂತೆ. ಏನು ನೋಡುತ್ತಿದ್ದಿರಿ? ಎಷ್ಟು ಬಿತ್ತು ಎಂದೇ? ಭಾನುವಾರದ ದಿನ ಬಲೆ ಬಿಟ್ಟುಕೊಂಡು, ಪ್ರಾರ್ಥನೆ ಮುಗಿಸಿ ಬಂದ ಕರಿ ಬಟ್ಟೆಯಲ್ಲೇ ನಿಂತು ಮೀನಿಗೆ ಬಾಯಿ ಬಿಡುವಷ್ಟು ಕೆಟ್ಟುಹೋಯಿತೇ ನಮ್ಮೂರು? ಬಾರಬಲ್ ದೊಡ್ಡಮ್ಮ ಇದನ್ನೆಲ್ಲ ಕೇಳಿಸಿಕೊಂಡು ಹೇಗೆ ಸುಮ್ಮನಿದ್ದಳು?

ನಾನು ನಿನಗಾಗಿ ಎದ್ದು ನಿಂತಿದ್ದೆ. ನಾಲ್ಕು ಮೀನಿಗೋಸ್ಕರ ನನ್ನ ಮುಖಕ್ಕೆ ಮಸಿ ಬಳಿದೆ. ಫಿನ್ಲೆ ಒಬ್ಬನಿಗಾದರೂ ನಾಚಿಕೆ ಇದೆ ಎಂದುಕೊಂಡಿದ್ದೆ. ಅವನಿಗೂ ಇಲ್ಲ. ಇದನ್ನು ಅವನ ಮುಂದೆಯೇ ಓದು.

ಕಾರಣ ಕೇಳುವ ನೋಟಿಸು ಇದೇ ಅಂಚೆಯಲ್ಲಿ ಬರುತ್ತದೆ. ಟೈಪ್ ಮಾಡಿದವಳು ನಾನೇ. ಈ ಸಲ ನಿನ್ನ ಪರವಾಗಿ ಯಾರ ಮುಂದೆಯೂ ನಿಲ್ಲುವುದಿಲ್ಲ.

ಹೆಕ್ಟರೀನಾ


ಆರ್ಡ್‌ವೋರ್
15 ಆಗಸ್ಟ್ 1958, ಶುಕ್ರವಾರ

ಅಕ್ಕ,

ಫಿನ್ಲೆ ಹೋದ. ಶನಿವಾರ ಬೆಳಗ್ಗೆ, ಉತ್ತರ ಬಂಡೆಯ ಹತ್ತಿರ. ನಿನ್ನೆ ಮಣ್ಣು ಮಾಡಿದೆವು.

ನಿನಗೆ ಮೊದಲೇ ತಿಳಿಸಬೇಕಿತ್ತು. ತಂತಿ ಇರಲಿಲ್ಲ. ಅವನು ಸಿಗುವವರೆಗೆ ಏನೆಂದು ಬರೆಯಲಿ ಎಂದು ಕೂತೆ. ಸಿಕ್ಕ ಮೇಲೆ ಬರೆಯಲು ಕೈ ಏಳಲಿಲ್ಲ.

ಶನಿವಾರ ಏಳುವ ಹೊತ್ತಿಗೇ ಉತ್ತರದ ಗಾಳಿ ಶುರುವಾಗಿತ್ತು. ನಾನು ಹೋಗುವುದು ಬೇಡ ಎಂದೆ. ಅವನು ಎಣ್ಣೆಬಟ್ಟೆಯ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ‘ಹವಾಮಾನ ಅಂತ ಬರೆದು ಹಾಕ್ತೀನಿ ಕಣೋ, ಏನ್ ಮಾಡ್ಕೋತಾರೋ ಮಾಡ್ಕೊಳ್ಳಲಿ’ ಎಂದೆ.

‘ಬರೀಬೇಡ ಅಂದಿದಾಳಲ್ಲ ನಿಮ್ಮಕ್ಕ’ ಎಂದ. ‘ಅಷ್ಟು ಜನ ಗಂಡಸರ ಮುಂದೆ ಎದ್ದು ನಿಂತು ಮಾತು ಕೊಟ್ಟಿದಾಳೆ. ನೀನು ಇಲ್ಲಿ ಬೆಂಕಿ ಕಾಯಿಸ್ಕೊಂಡು ಕೂತ್ರೆ ಅವಳು ಅಲ್ಲಿ ತಲೆ ಎತ್ಕೊಂಡು ಓಡಾಡೋದು ಹೇಗೆ? ಏಳೋ ಸೋಮಾರಿ.’

ಎರಡು ಅಡ್ಡಬಲೆ ತೆಗೆದೆವು. ಮೂರನೆಯದಕ್ಕೆ ಹೋದೆವು. ನಾನು ಹುಟ್ಟು ಹಿಡಿದಿದ್ದೆ, ಅವನು ಬಗ್ಗಿ ಹಗ್ಗ ಬಿಚ್ಚುತ್ತಿದ್ದ. ದೋಣಿ ಚೆನ್ನಾಗಿದೆ ಎಂದು ನಿನಗೆ ಪ್ರತಿ ಸಲ ಬರೆದೆನಲ್ಲ, ಅದು ಸುಳ್ಳು. ಏಪ್ರಿಲ್‌ನಿಂದ ತಳದ ಹಲಗೆ ಒಂದು ಸಡಿಲವಾಗಿತ್ತು, ಟಾರು ಹಚ್ಚಿ ಹಚ್ಚಿ ನಡೆಸುತ್ತಿದ್ದೆ. ಹಂಗಾಮು ಮುಗಿಯಲಿ ಆಮೇಲೆ ಎಂದುಕೊಂಡಿದ್ದೆ. ಒಂದು ಅಲೆ ಎತ್ತಿ ಬಂಡೆಗೆ ಕುಕ್ಕಿತು, ಹಲಗೆ ಕಿತ್ತು ಹೋಯಿತು. ನನ್ನನ್ನು ಪಾಚಿಯ ಮೇಲೆ ಎಸೆಯಿತು. ಅವನನ್ನು ಎಳೆದುಕೊಂಡಿತು. ಕೊನೆಯಲ್ಲಿ ಕಂಡದ್ದು ಅವನ ಟೋಪಿ. ಹೆಸರು ಹಿಡಿದು ಕೂಗಿದೆ, ಗಾಳಿಯಲ್ಲಿ ನನಗೇ ಕೇಳಿಸಲಿಲ್ಲ.

ನಾನು ದಂಡೆಗೆ ಬರುವಷ್ಟರಲ್ಲಿ ದೊಡ್ಡಮ್ಮ ಕೋಲೂರಿಕೊಂಡು ಅಲ್ಲಿ ನಿಂತಿದ್ದಳು. ಯಾರು ಹೇಳಿದರೋ ಗೊತ್ತಿಲ್ಲ. ಅಳಲಿಲ್ಲ. ‘ಮೂರನೇದು ಇನ್ನೂ ನಿಂತಿದೆಯೇನೋ?’ ಎಂದು ಕೇಳಿದಳು.

‘ನಿಂತಿದೆ ದೊಡ್ಡಮ್ಮ. ಗಾಳಿ ಇಳೀತಿದ್ದ ಹಾಗೆ ಪಕ್ಕದವರ ದೋಣೀಲಿ ಹೋಗಿ ತೆಗೀತೀನಿ’ ಎಂದೆ. ಆಗಲೂ ನನ್ನ ತಲೆಯಲ್ಲಿ ಇದ್ದದ್ದು ಅದೇ, ಅಕ್ಕ. ಅದೇ ಹಾಳು ಬಲೆ.

‘ಮುಟ್ಟಬೇಡ ಅದನ್ನ’ ಎಂದಳು. ‘ಇಳಿತಕ್ಕೆ ಹೋದದ್ದು ಭರತಕ್ಕೆ ದಂಡೆ ಹಿಡ್ಕೊಂಡೇ ವಾಪಸ್ ಬರುತ್ತೆ. ಮೀನು ಬರೋ ದಾರೀಲೇ ಬರ್ತಾನೆ ಅವನೂ. ಬಲೆ ಇರಲಿ.’

‘ನಾಳೆ ಭಾನುವಾರ, ದೊಡ್ಡಮ್ಮ.’

‘ನನಗೆ ಗೊತ್ತಿಲ್ವೇನೋ ಭಾನುವಾರ ಅಂತ? ದೇವರ ಹತ್ರ ನಾನು ಮಾತಾಡ್ಕೋತೀನಿ. ನೀನು ಬಲೆ ಕಾಯಿ.’

ನಿನಗೆ ಗೊತ್ತಲ್ಲ ಆಕೆ. ಭಾನುವಾರದ ಆಲೂಗಡ್ಡೆಯ ಸಿಪ್ಪೆಯನ್ನು ಶನಿವಾರವೇ ತೆಗೆದಿಡುವವಳು, ಬಾವಿಯಿಂದ ಒಂದು ಕೊಡ ನೀರೂ ಸೇದದವಳು. ನಾವು ಹುಡುಗರಾಗಿದ್ದಾಗ ಭಾನುವಾರ ಸಿಳ್ಳೆ ಹಾಕಿದ್ದಕ್ಕೆ ಬಾರಿಸಿದವಳು.

ಭಾನುವಾರ ಪ್ರಾರ್ಥನೆ ಮುಗಿಸಿ ಎಲ್ಲರೂ ಕರಿ ಬಟ್ಟೆಯಲ್ಲೇ ದಂಡೆಗೆ ಬಂದರು. ನಿಮ್ಮ ಕಾವಲುಗಾರ ಕಂಡದ್ದು ಅದನ್ನೇ. ಪಾದ್ರಿಯವರೂ ಬಂದರು. ಬಲೆ ನಿಂತಿರುವುದನ್ನು ನೋಡಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ಕಡಲು ನಿಜವಾಗಿ ಶಾಂತವಾಗಿತ್ತು. ಚೀಲಬಲೆಯಲ್ಲಿ ಸಾಲ್ಮನ್ ಹೊಳೆಯುವುದು ಮೇಲಿನಿಂದ ಕಾಣುತ್ತಿತ್ತು. ಈ ವರ್ಷ ಅಷ್ಟು ಮೀನು ಒಂದೇ ಸಲ ಬಿದ್ದದ್ದನ್ನು ನಾನು ನೋಡಿರಲಿಲ್ಲ.

ಸೋಮವಾರ ಬೆಳಗಿನ ಭರತಕ್ಕೆ ಬಂದ. ಅಡ್ಡಬಲೆಗೆ ಭುಜ ತಾಗಿಸಿಕೊಂಡು ನಿಂತ ಹಾಗೆ ಇದ್ದ. ದೊಡ್ಡಮ್ಮ ಹೇಳಿದ ಹಾಗೇ ಆಯಿತು. ನಾನೂ ಅಂಚೆಯವನೂ ಎತ್ತಿದೆವು. ಆಮೇಲೆ ಚೀಲಬಲೆಯ ಬಾಯಿ ಬಿಚ್ಚಿ ಮೀನನ್ನೆಲ್ಲ ಬಿಟ್ಟುಬಿಟ್ಟೆ. ಒಂದನ್ನೂ ಮುಟ್ಟಲಿಲ್ಲ. ನೀನು ಕಳಿಸಿದ ಕೈಗವಸನ್ನು ಅವನು ಒಂದು ದಿನವೂ ದೋಣಿಗೆ ತಂದಿರಲಿಲ್ಲ, ಒದ್ದೆಯಾಗುತ್ತದೆ ಎಂದು ಎತ್ತಿಟ್ಟಿದ್ದ. ಪೆಟ್ಟಿಗೆಯಲ್ಲಿ ಮಲಗಿಸುವಾಗ ದೊಡ್ಡಮ್ಮ ಅದನ್ನು ತಡಕಾಡಿ ಅವನ ಕೈಗೆ ಹಾಕಿದಳು.

ಇನ್ನು ನಿನ್ನ ಕಾಗದದ ವಿಷಯ. ಅದು ನಿನ್ನೆ ಬಂತು, ಸರಿಯಾಗಿ ಹೆಣ ಎತ್ತುವ ಮುಂಚೆ. ಮನೆ ತುಂಬ ಜನ. ಅಂಚೆಯವನು ಕೊಟ್ಟದ್ದನ್ನು ದೊಡ್ಡಮ್ಮ ಕೇಳಿಸಿಕೊಂಡಳು. ‘ಹೆಕ್ಟರೀನಾ ಕಾಗದ ತಾನೇ? ಓದೋ. ಅವಳ ಕಾಗದ ಅಂದ್ರೆ ಅವನು ಮುಖ ತೊಳ್ಕೊಂಡು ಬಂದು ಕೂರ್ತಿದ್ದ. ಅವನ ಪಕ್ಕದಲ್ಲೇ ಕೂತು ಓದು’ ಎಂದಳು.

ಒಡೆದೆ. ಕಣ್ಣಾಡಿಸಿದೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಓದಿದೆ, ಅಕ್ಕ. ನೀನು ಬರೆದದ್ದನ್ನಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. ‘ದೊಡ್ಡಮ್ಮ, ಸುದ್ದಿ ಕೇಳಿದೆ. ಫಿನ್ಲೆಯಂಥ ಮನುಷ್ಯ ಈ ಕರಾವಳಿಯಲ್ಲಿ ಇನ್ನೊಬ್ಬನಿಲ್ಲ. ಅವನು ಹಾಡುತ್ತಿದ್ದದ್ದು ನನಗೆ ಇಲ್ಲಿ ಕಚೇರಿಯಲ್ಲಿ ಕೂತರೂ ಕೇಳಿಸುತ್ತದೆ. ನಾನು ಅವನಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ.’ ಇಷ್ಟೇ. ಕೊನೆಯ ಮಾತು ಯಾಕೆ ಬಂತೋ ಗೊತ್ತಿಲ್ಲ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊ.

ದೊಡ್ಡಮ್ಮ ಆಗ ಅತ್ತಳು. ಶನಿವಾರದಿಂದ ಅದೇ ಮೊದಲು. ‘ಇಲ್ಲಿ ಕೊಡು’ ಎಂದು ಕಾಗದ ಕಿತ್ತುಕೊಂಡು ಮಡಿಸಿ ಬೈಬಲ್ಲಿನೊಳಗೆ ಇಟ್ಟಳು. ಈಗ ಮನೆಗೆ ಯಾರು ಬಂದರೂ ಬೈಬಲ್ ಮುಟ್ಟಿ, ‘ಇದರಲ್ಲಿದೆ ಹೆಕ್ಟರೀನಾ ಕಾಗದ’ ಎನ್ನುತ್ತಾಳೆ. ಅಕ್ಕ, ಎಂದೋ ಒಂದು ದಿನ ಯಾರಾದರೂ ತೆರೆದು ಅವಳಿಗೆ ಓದಿ ಹೇಳುತ್ತಾರೆ. ನಾನು ಓದಿದ ಕಾಗದವನ್ನು ನೀನು ಬರೆದು ಬೇಗ ಕಳಿಸು. ಹೇಗಾದರೂ ಮಾಡಿ ಬದಲಾಯಿಸಿ ಇಡುತ್ತೇನೆ.

ನೋಟಿಸೂ ಬಂದಿದೆ. ಸಹಿ ಹಾಕಿ ಇದರೊಂದಿಗೆ ಇಟ್ಟಿದ್ದೇನೆ. ಕಾರಣದ ಜಾಗದಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ. ಹವಾಮಾನ ಎಂದು ಬರೆಯಬೇಡ ಎಂದಿದ್ದೆ. ಖಾಲಿ ಬಿಟ್ಟಿದ್ದೇನೆ.

ಮರ್ಡೋ


ಇನ್‌ವರ್‌ಗ್ಲಾಸ್
19 ಆಗಸ್ಟ್ 1958, ಮಂಗಳವಾರ

ಮರ್ಡೋ,

ದೊಡ್ಡಮ್ಮನ ಕಾಗದ ಇದರೊಳಗಿದೆ. ನೀನು ಹೇಳಿದ ಮಾತುಗಳನ್ನೇ ಬರೆದಿದ್ದೇನೆ, ಒಂದನ್ನೂ ಬದಲಿಸಿಲ್ಲ. ಕೊನೆಯ ಮಾತನ್ನೂ. ಅದು ತಪ್ಪಲ್ಲ. ತಾರೀಕು ಹನ್ನೆರಡು ಎಂದೇ ಹಾಕಿದ್ದೇನೆ. ಹಳೆಯದನ್ನು ಸುಡಬೇಡ, ನನಗೆ ಕಳಿಸು. ಅದು ನನ್ನ ಹತ್ತಿರವೇ ಇರಬೇಕು.

ನೋಟಿಸಿನ ಖಾಲಿ ಜಾಗವನ್ನು ಎದುರಿಗಿಟ್ಟುಕೊಂಡು ನಿನ್ನೆ ಇಡೀ ದಿನ ಕೂತಿದ್ದೆ. ಏನೇನೋ ಬರೆಯಬಹುದಿತ್ತು. ಕೊನೆಗೆ ಒಂದೇ ಪದ ಟೈಪ್ ಮಾಡಿದೆ, ಹವಾಮಾನ ಎಂದು. ರೆನ್ನಿ ಸಾಹೇಬರು ಬಾಯಿಯಲ್ಲಿದ್ದ ಪೈಪನ್ನೂ ತೆಗೆಯದೆ ಒಪ್ಪಿಗೆಯ ಸಹಿ ಹಾಕಿದರು. ‘ಸತ್ತವನ ಸುದ್ದಿ ಕೇಳಿದೆ, ಪಾಪ’ ಎಂದರು. ‘ಅಲ್ಲಮ್ಮ, ಅಂಥ ಗಾಳೀಲಿ ಯಾಕೆ ಹೋದ್ರು? ಕಡಲು ಬಿಡದಿದ್ರೆ ತೆಗೀಬೇಕಾಗಿಲ್ಲ ಅಂತ ಕಾನೂನಲ್ಲೇ ಇದೆಯಲ್ಲ. ನಾನು ಬೈತಿದ್ದೆ, ಆದ್ರೆ ಯಾವತ್ತಾದ್ರೂ ಸಹಿ ಹಾಕದೆ ಇದ್ದದ್ದುಂಟಾ?’

ಇಲ್ಲ, ಯಾವತ್ತೂ ಇಲ್ಲ. ಅದು ನನಗೆ ಗೊತ್ತಿತ್ತು. ಜುಲೈಯಲ್ಲಿ ನೀನು ಕೇಳಿದಾಗ ಪುಸ್ತಕ ತೆಗೆದು ನೋಡಿದ್ದೆ, ಅಪ್ಪ ಸರಿ, ಫಿನ್ಲೆ ಸರಿ. ಹೌದು ಎಂದು ಬರೆದರೆ ನೀನು ತುಸು ಗಾಳಿ ಬೀಸಿದರೂ ಮನೆಯಲ್ಲಿ ಕೂರುತ್ತೀಯೆ, ಎಲ್ಲರೂ ಮತ್ತೆ ನಗುತ್ತಾರೆ ಎಂದುಕೊಂಡೆ. ಅವರ ನಗುವಿಗೆ ಹೆದರಿದೆ, ಮರ್ಡೋ. ಪುಸ್ತಕ ಮುಚ್ಚಿ ಅವನಿಗೆ ಕೈಗವಸು ಹೆಣೆಯಲು ಕೂತೆ.

ನಿನ್ನ ಪರವಾನಗಿ ಉಳಿದಿದೆ. ಬರುವ ಶನಿವಾರ ಈ ಹಂಗಾಮಿನ ಕೊನೆಯದು. ನಿನಗೆ ದೋಣಿಯಿಲ್ಲ, ಜೊತೆಗೆ ಬರುವವನಿಲ್ಲ, ನೀನು ಕಡಲಿಗೆ ಇಳಿಯುವುದಿಲ್ಲ ಎಂದು ಗೊತ್ತು. ಆದರೂ ಬರೆಯುತ್ತೇನೆ. ಗಾಳಿ ಇದ್ದರೆ ಹೋಗಬೇಡ.

ಹೆಕ್ಟರೀನಾ